ತಾಡೋಲೆಗಾಗಿ ಮನೆ ಮಾರಿದ ವಕೀಲರು

ಮನೆತನದ ಹಳೇ ಕಾಗದ ಹುಡುಕೋ ಹವ್ಯಾಸ ಇದ್ದವರಿಗೆಲ್ಲ ಫ.ಗು. ಹಳಕಟ್ಟಿಯವರೇ ಹಿರಿಯರು. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿ ಮಾಡಿದರು. ಕೋರ್ಟು ಹೊಟ್ಟೆಪಾಡಿಗೆ, ಜೀವವೆಲ್ಲ ಊರೂರಿನ ಮನೆಗಳಲ್ಲಿದ್ದ ತಾಡೋಲೆ ಕಟ್ಟುಗಳ ಮೇಲೆ. ದೇವರ ಜಗಲಿ ಮ್ಯಾಲೆ ಅವುಕ್ಕ ಪೂಜೆ ನಡೀತಿತ್ತು, ಓದೋರು ಕಡಿಮೆ. ಒಳಗೊಳಗೇ ಹುಳ ತಿಂತಿತ್ತು. ಹಳಕಟ್ಟಿಯವರು ಮನೆಮನೆ ಅಲೆದು ಕಟ್ಟು ಕೂಡಿಸಿದರು, ಗರಿ ಬಿಡಿಸಿ ಓದಿದರು, ನಕಲು ಮಾಡಿಕೊಂಡರು. ನಮ್ಮ ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದ ಅಂಬಿಗರ ಚೌಡಯ್ಯನಂಥ ಶರಣರ ಮಾತು ಉಳಿದದ್ದು ಇಂಥ ಗರಿಗಳಲ್ಲೇ ನೋಡ್ರಿ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು. ಆಮೇಲೆ ಸ್ವಂತ ಛಾಪಖಾನೆ ಬೇಕಾಯ್ತು. ಇದ್ದ ಮನೇನ ಮಾರಿಬಿಟ್ಟರು. 1926ರಿಂದ ‘ಶಿವಾನುಭವ’ ಪತ್ರಿಕೆ ತಂದರು. 1964ರ ಜೂನ್ 29ರಂದು ತೀರಿಕೊಂಡರು.