ಆರು ವರ್ಷದ ಮಾಸ್ತರು

ಮಹಾರಾಷ್ಟ್ರದಲ್ಲಿ ಸಾನೆ ಗುರೂಜಿ ಹೆಸರು ಕೇಳದ ಮನೆ ಸಿಗುವುದು ಕಷ್ಟ. ಅವರು ಎಷ್ಟು ವರ್ಷ ಶಾಲೆಯಲ್ಲಿ ಪಾಠ ಹೇಳಿರಬಹುದು ಎಂದು ಪುಣೆಯ ನನ್ನ ಸಹೋದ್ಯೋಗಿಗಳನ್ನು ಒಮ್ಮೆ ಕೇಳಿದೆ. ಮೂವತ್ತು ಅಂದವರಿದ್ದರು, ನಿವೃತ್ತಿಯವರೆಗೂ ಅಂದವರಿದ್ದರು. ನಿಜಕ್ಕೂ ಅದು ಆರೇ ವರ್ಷ. 1924ರಲ್ಲಿ ಖಾನದೇಶದ ಅಮಳನೇರ್ ಎಂಬ ಸಣ್ಣ ಊರಿನ ಪ್ರತಾಪ್ ಹೈಸ್ಕೂಲಿಗೆ ಸೇರಿದರು, 1930ರಲ್ಲಿ ರಾಜೀನಾಮೆ ಕೊಟ್ಟು ಸತ್ಯಾಗ್ರಹಕ್ಕೆ ಹೋದರು. ಆಮೇಲೆ ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಸಹಿ ಮಾಡಲಿಲ್ಲ. ಆದರೂ ಪಾಂಡುರಂಗ ಸದಾಶಿವ ಸಾನೆ ಎಂದು ಅವರನ್ನು ಯಾರೂ ಕರೆಯುವುದಿಲ್ಲ. ಗುರೂಜಿ ಅಂದರೆ ಸಾಕು.

ನಾನು ವಿಜಯಪುರ ಜಿಲ್ಲೆಯವನು. ಕೆಲಸಕ್ಕೆಂದು ಪುಣೆಗೆ ಬಂದಮೇಲೂ ಬಹಳ ದಿನ ಅವರು ನನಗೆ ಒಂದು ರಸ್ತೆಯ ಹೆಸರು, ಒಂದು ಉದ್ಯಾನದ ಹೆಸರು, ಅಷ್ಟೇ ಆಗಿದ್ದರು. ಮಗಳ ಮರಾಠಿ ಅಭ್ಯಾಸಕ್ಕೆ ಕೂರುವ ನೆಪದಲ್ಲಿ 'ಶ್ಯಾಮಚಿ ಆಯಿ' ಕೈಗೆ ಬಂತು. ಅಲ್ಲಿಂದ ಈ ಮಾಸ್ತರರ ಹಿಂದೆ ಬಿದ್ದೆ.

ಹುಟ್ಟಿದ್ದು 1899ರ ಡಿಸೆಂಬರ್ 24ರಂದು, ಕೊಂಕಣದ ಪಾಲಗಡ ಎಂಬ ಹಳ್ಳಿಯಲ್ಲಿ. ಒಂದು ಕಾಲಕ್ಕೆ ಅನುಕೂಲವಾಗಿದ್ದ ಮನೆತನ. ಅವರು ಬೆಳೆಯುವ ಹೊತ್ತಿಗೆ ಸಾಲ, ಜಪ್ತಿ, ಬಡತನ. ತಾಯಿ ಯಶೋದಾಬಾಯಿ 1917ರಲ್ಲಿ ತೀರಿಕೊಂಡಾಗ ಮಗ ಓದಿಗೆಂದು ದೂರದಲ್ಲಿದ್ದ. ಕೊನೆಗಳಿಗೆಯಲ್ಲಿ ತಾಯಿಯ ಹತ್ತಿರ ಇರಲಾಗಲಿಲ್ಲ ಎಂಬ ಕೊರಗು ಅವರನ್ನು ಬಿಡಲೇ ಇಲ್ಲ. ಊರು ಬಿಟ್ಟು ಹೊರಗಿರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುಣೆಯಲ್ಲಿ ಓದು ಮುಗಿಸಿ ಅಮಳನೇರಿಗೆ ಹೋದದ್ದು ತತ್ವಜ್ಞಾನದ ಅಧ್ಯಯನಕ್ಕೆ. ಅಲ್ಲಿನ ತತ್ವಜ್ಞಾನ ಮಂದಿರದ ಒಣ ಚರ್ಚೆ ರುಚಿಸದೆ ಮಕ್ಕಳ ಕಡೆ ತಿರುಗಿದರು. ಶಾಲೆಯ ಜೊತೆಗೆ ವಿದ್ಯಾರ್ಥಿನಿಲಯದ ಹೊಣೆಯೂ ಹೆಗಲಿಗೆ ಬಂತು. ಅವರ ನಿಜವಾದ ಮಾಸ್ತರಿಕೆ ನಡೆದದ್ದು ಇಲ್ಲಿ. ಹುಡುಗರು ಶಾಲೆಗೆ ಹೋದ ಹೊತ್ತಿನಲ್ಲಿ ಅವರ ಖೋಲಿಗಳ ಕಸ ಗುಡಿಸುವುದು, ಬಿಸಾಡಿದ ಬಟ್ಟೆ ಒಗೆದು ಹಾಕುವುದು, ಹಾಸಿಗೆ ಸುತ್ತಿಡುವುದು, ಕಂದೀಲಿನ ಗಾಜು ಒರೆಸಿಡುವುದು. ಬೈಗುಳವೂ ಇಲ್ಲ, ಶಿಸ್ತಿನ ಭಾಷಣವೂ ಇಲ್ಲ. ನಾಲ್ಕು ದಿನ ಹೀಗೆ ನಡೆದರೆ ಎಂಥ ಹುಡುಗನಿಗೂ ನಾಚಿಕೆಯಾಗಿ ತಾನೇ ಕಸಬರಿಗೆ ಹಿಡಿಯುತ್ತಿದ್ದ. ಜೊತೆಗೆ ಹುಡುಗರಿಗಾಗಿ ಕೈಬರಹದ ದಿನಪತ್ರಿಕೆ ಒಂದನ್ನು ತಾವೇ ಬರೆದು ಹೊರಡಿಸುತ್ತಿದ್ದರು. ದಿನಾ! ವಾರಕ್ಕೊಂದು ವರದಿ ಬರೆಯಲು ಒದ್ದಾಡುವ ನನಗೆ ಇದನ್ನು ಓದಿ ದಿಗಿಲಾಯಿತು.

ಜೈಲುವಾಸ ಅವರಿಗೆ ಇನ್ನೊಂದು ಶಾಲೆಯಾಯಿತು. 1932ರಲ್ಲಿ ಧುಳೆ ಜೈಲಿನಲ್ಲಿ ವಿನೋಬಾ ಪ್ರತಿ ಭಾನುವಾರ ಗೀತೆಯ ಒಂದೊಂದು ಅಧ್ಯಾಯದ ಮೇಲೆ ಮಾತಾಡುತ್ತಿದ್ದರು. ಅದನ್ನು ಕೂತು ಬರೆದುಕೊಂಡವರು ಗುರೂಜಿ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಿಗುವ 'ಗೀತಾ ಪ್ರವಚನ' ಉಳಿದದ್ದು ಆ ಬರಹದಿಂದ. ಮರುವರ್ಷ ಫೆಬ್ರವರಿಯಲ್ಲಿ ನಾಸಿಕದ ಜೈಲಿನಲ್ಲಿ ಐದೇ ದಿನಕ್ಕೆ 'ಶ್ಯಾಮಚಿ ಆಯಿ' ಬರೆದು ಮುಗಿಸಿದರು. ಸ್ನಾನ ಮಾಡಿ ಬಂದ ಮಗು ಪಾದಕ್ಕೆ ಮಣ್ಣಾಗುತ್ತದೆಂದು ತಾಯಿಗೆ ಸೆರಗು ಹಾಸಲು ಹೇಳುವ, ಪಾದದಂತೆ ಮನಸ್ಸನ್ನೂ ಸ್ವಚ್ಛ ಇಟ್ಟುಕೋ ಎಂದು ಆಕೆ ತಿಳಿಸುವ ಪ್ರಸಂಗ ಇಲ್ಲಿನವರಿಗೆಲ್ಲ ಬಾಯಿಪಾಠ. ಪುಸ್ತಕದಲ್ಲಿ ಕಣ್ಣೀರು ಸ್ವಲ್ಪ ಜಾಸ್ತಿಯೇ. ಇಂದಿನ ಓದುಗರು ನಗಲೂಬಹುದು.

ನನಗೆ ನಾಟಿದ್ದು ಬೇರೆ ಪ್ರಸಂಗ. ಮಹಾರ್ ಜಾತಿಯ ಮುದುಕಿಯೊಬ್ಬಳ ತಲೆಯ ಮೇಲಿನ ಸೌದೆ ಹೊರೆ ಬೀದಿಯಲ್ಲಿ ಬಿದ್ದಿದೆ. ಮುಟ್ಟಿ ಎತ್ತುವವರಿಲ್ಲ. ತಾಯಿ ಶ್ಯಾಮನನ್ನು ಕಳಿಸಿ ಹೊರೆ ಎತ್ತಿಸುತ್ತಾಳೆ, ಬಂದಮೇಲೆ ಸ್ನಾನ ಮಾಡು ಎಂದೂ ಹೇಳುತ್ತಾಳೆ. ಅಷ್ಟು ಭಕ್ತಿ, ಅಷ್ಟು ಕರುಣೆ ಇದ್ದವಳಿಗೂ ಆ ಸ್ನಾನವನ್ನು ದಾಟಲಾಗಲಿಲ್ಲ. ಅದನ್ನು ದಾಟುವ ಕೆಲಸ ಮಗನ ಪಾಲಿಗೆ ಬಂತು.

ಪಂಢರಪುರ ನಮಗೇನೂ ಹೊರಗಿನ ಊರಲ್ಲ. ಜ್ಞಾನೇಶ್ವರರೇ ಆ ವಿಠ್ಠಲನನ್ನು ಕನ್ನಡದವನೆಂದು ಹಾಡಿದ್ದಾರೆ. ನಮ್ಮ ದಾಸರ ಅಂಕಿತದಲ್ಲಿ ಅವನಿದ್ದಾನೆ. ನಮ್ಮ ಭಾಗದಿಂದ ಇಂದಿಗೂ ದಿಂಡಿಗಳು ಹೋಗುತ್ತವೆ. ಅಂಥ ದೇವರ ಗುಡಿಯೊಳಗೆ 1947ರವರೆಗೂ ದಲಿತರಿಗೆ ಪ್ರವೇಶವಿರಲಿಲ್ಲ. ಸಂತ ಚೋಖಾಮೇಳನ ಸಮಾಧಿ ಮಹಾದ್ವಾರದ ಹೊರಗೇ ಇದೆ. ಗುರೂಜಿ ರಾಷ್ಟ್ರ ಸೇವಾ ದಳದ ಯುವಕರೊಂದಿಗೆ ತಿಂಗಳುಗಟ್ಟಲೆ ಊರೂರು ಸುತ್ತಿ, ಬಾವಿ, ಗುಡಿ ಎಲ್ಲರಿಗೂ ತೆರೆಯಿರಿ ಎಂದು ಕೈಮುಗಿದರು. ಆಮೇಲೆ ಮೇ 1ರಂದು ಪಂಢರಪುರದ ತನಪುರೆ ಮಹಾರಾಜರ ಮಠದಲ್ಲಿ ಉಪವಾಸಕ್ಕೆ ಕುಳಿತರು. ಸನಾತನಿಗಳು ಅವರನ್ನು ಧರ್ಮದ್ರೋಹಿ ಎಂದರು. ಗಾಂಧೀಜಿಗೂ ಈ ಉಪವಾಸ ಒಪ್ಪಿಗೆಯಾಗಿರಲಿಲ್ಲ, ಬಿಡಲು ಸೂಚಿಸಿದರು. ಜೀವಮಾನವಿಡೀ ಗಾಂಧಿಯ ಹಿಂದೆ ನಡೆದ ಮನುಷ್ಯ ಇದೊಂದರಲ್ಲಿ ಅವರ ಮಾತು ಕೇಳಲಿಲ್ಲ. ಹತ್ತನೇ ದಿನ ಗುಡಿಯವರು ಒಪ್ಪಿದರು.

ನನ್ನ ಲೆಕ್ಕದಲ್ಲಿ ಇದು ಅವರ ದೊಡ್ಡ ಪಾಠ. ದೇವರನ್ನು ನಂಬದವರು ಗುಡಿಯ ಬಾಗಿಲ ಬಗ್ಗೆ ಜಗಳ ತೆಗೆಯುವುದು ಸುಲಭ. ಹೆಸರಿನಲ್ಲೇ ಪಾಂಡುರಂಗನನ್ನು ಇಟ್ಟುಕೊಂಡವರು ಅವನ ಬಾಗಿಲಲ್ಲಿ ಅನ್ನ ಬಿಟ್ಟು ಕೂರಬೇಕಾದರೆ ಒಳಗೆ ಎಷ್ಟು ನೊಂದಿರಬೇಕು!

ಇನ್ನೊಂದು ವಿಷಯ ನಮಗೆ ನೇರವಾಗಿ ಸೇರಿದ್ದು. 1930ರಲ್ಲಿ ಸರಕಾರ ಅವರನ್ನು ತಿರುಚಿರಾಪಳ್ಳಿ ಜೈಲಿಗೂ ಹಾಕಿತ್ತು. ಅಲ್ಲಿ ದಕ್ಷಿಣದ ಕೈದಿಗಳ ನಡುವೆ ಕುಳಿತು, ಒಂದೇ ದೇಶದವರಾಗಿಯೂ ಒಬ್ಬರ ಮಾತು ಒಬ್ಬರಿಗೆ ತಿಳಿಯದಲ್ಲ ಎಂದು ಸಂಕಟಪಟ್ಟರು. ಕುರಳ್ ಅನ್ನು ಮರಾಠಿಗೆ ತಂದರು. ಬೇರೆ ಬೇರೆ ಪ್ರಾಂತದವರು ಕೂಡಿ ಬಾಳುತ್ತ ಪರಸ್ಪರರ ಭಾಷೆ ಕಲಿಯುವ 'ಆಂತರಭಾರತಿ'ಯ ಕನಸು ಅಲ್ಲಿ ಮೊಳೆಯಿತು. ಅದಕ್ಕೊಂದು ಸಂಸ್ಥೆ ಕಟ್ಟಬೇಕೆಂದು ಕೊನೆಯವರೆಗೆ ಹಂಬಲಿಸಿದರು. ಗಡಿಯ ಗಲಾಟೆ ಎದ್ದಾಗಲೆಲ್ಲ ಪುಣೆ, ಕೊಲ್ಲಾಪುರಗಳಲ್ಲಿ ಕೆಎ ನಂಬರಿನ ಗಾಡಿ ಹೊರಗೆ ತೆಗೆಯಲು ಯೋಚಿಸುವ ನಾವು, ಬೆಳಗಾವಿಯಲ್ಲಿ ಎಂಎಚ್ ನಂಬರಿನವರು, ಇಬ್ಬರಿಗೂ ಆ ಕನಸು ಇನ್ನೂ ಬಾಕಿ ಇದೆ.

ಗಾಂಧಿಯವರ ಕೊಲೆ ಅವರನ್ನು ಮುರಿದುಹಾಕಿತು. ಇಪ್ಪತ್ತೊಂದು ದಿನ ಉಪವಾಸ ಮಾಡಿದರು. 1948ರ ಆಗಸ್ಟ್ 15ರಂದು 'ಸಾಧನಾ' ವಾರಪತ್ರಿಕೆ ಶುರುಮಾಡಿದರು, ಎಡೆಬಿಡದೆ ಬರೆದರು. ಆದರೆ ಸ್ವತಂತ್ರ ದೇಶದಲ್ಲಿ ಕಂಡದ್ದು ಅವರು ಕಾಯುತ್ತಿದ್ದುದಾಗಿರಲಿಲ್ಲ. 1950ರ ಜೂನ್ 11ರಂದು ಅವರು ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಆಗ ಐವತ್ತು ವರ್ಷ. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇದನ್ನು ಅರ್ಧ ಸಾಲಿನಲ್ಲಿ ದಾಟಿಬಿಡುತ್ತಾರೆ. ಎಷ್ಟೋ ಮಕ್ಕಳ ಕಣ್ಣೊರೆಸಿದ ಮನುಷ್ಯನ ಒಳಗಿನ ಕತ್ತಲೆ ಹತ್ತಿರದವರಿಗೂ ಪೂರ್ತಿ ಕಾಣಲಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ ಅನಿಸುತ್ತದೆ ನನಗೆ.

ಮೂರು ವರ್ಷದ ಬಳಿಕ ಆಚಾರ್ಯ ಅತ್ರೆ 'ಶ್ಯಾಮಚಿ ಆಯಿ'ಯನ್ನು ಸಿನಿಮಾ ಮಾಡಿದರು. ದೇಶದ ಮೊಟ್ಟಮೊದಲ ರಾಷ್ಟ್ರಪತಿ ಚಿನ್ನದ ಪದಕ ಅದಕ್ಕೇ ಬಂತು. 'ಸಾಧನಾ' ಪುಣೆಯ ಶನಿವಾರ ಪೇಟೆಯಿಂದ ಇಂದಿಗೂ ವಾರವಾರ ಹೊರಬರುತ್ತಿದೆ. ಅವರು ಬರೆದ ಪ್ರಾರ್ಥನೆಯನ್ನು ಮಹಾರಾಷ್ಟ್ರದ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಬೆಳಿಗ್ಗೆ ಸಾಲಾಗಿ ನಿಂತು ಹಾಡುತ್ತಾರೆ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳೂ ಆ ಸಾಲಿನಲ್ಲಿದ್ದಾರೆ.