ಎರಿಕ್ ಲಿಡೆಲ್

ಎರಿಕ್ ಹೆನ್ರಿ ಲಿಡೆಲ್ (16 ಜನವರಿ 1902 – 21 ಫೆಬ್ರವರಿ 1945) ಸ್ಕಾಟ್ಲೆಂಡಿನ ಪ್ರಸಿದ್ಧ ಓಟಗಾರರು, ರಗ್ಬಿ ಆಟಗಾರರು ಹಾಗೂ ಚೀನಾದಲ್ಲಿ ಸೇವೆ ಸಲ್ಲಿಸಿದ ಮಿಷನರಿ ಶಿಕ್ಷಕರು.

ಬಾಲ್ಯ ಮತ್ತು ಕ್ರೀಡಾಜೀವನ

ಲಿಡೆಲ್ ಅವರು ಚೀನಾದ ಟಿಯಾಂಜಿನ್ ನಗರದಲ್ಲಿ ಸ್ಕಾಟಿಷ್ ಮಿಷನರಿ ದಂಪತಿಗಳ ಮಗನಾಗಿ ಜನಿಸಿದರು. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಪದವಿ ಪಡೆದರು. ಸ್ಕಾಟ್ಲೆಂಡ್ ಪರವಾಗಿ ಏಳು ರಗ್ಬಿ ಪಂದ್ಯಗಳನ್ನಾಡಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರ ನೆಚ್ಚಿನ 100 ಮೀಟರ್ ಓಟದ ಆರಂಭಿಕ ಸುತ್ತು ಭಾನುವಾರ ನಿಗದಿಯಾಗಿತ್ತು. ಆ ದಿನ ದೇವರ ಆರಾಧನೆಗೆ ಮೀಸಲೆಂದು ನಂಬಿದ್ದ ಅವರು ಸ್ಪರ್ಧಿಸಲು ಒಪ್ಪಲಿಲ್ಲ. ಬದಲಾಗಿ 400 ಮೀಟರ್ ಓಟಕ್ಕೆ ಸಿದ್ಧರಾಗಿ, 47.6 ಸೆಕೆಂಡುಗಳ ಒಲಿಂಪಿಕ್ ದಾಖಲೆಯೊಡನೆ ಚಿನ್ನದ ಪದಕ ಗಳಿಸಿದರು. 200 ಮೀಟರ್ ಓಟದಲ್ಲಿ ಕಂಚು ದೊರೆಯಿತು.

ಶಿಕ್ಷಕ ವೃತ್ತಿ

ಕೀರ್ತಿಯ ಶಿಖರದಲ್ಲಿದ್ದಾಗಲೇ, 1925ರಲ್ಲಿ ಟಿಯಾಂಜಿನ್‌ಗೆ ಮರಳಿ ಅಲ್ಲಿನ ಆಂಗ್ಲೋ-ಚೈನೀಸ್ ಕಾಲೇಜಿನಲ್ಲಿ ವಿಜ್ಞಾನ ಬೋಧಿಸುತ್ತ, ವಿದ್ಯಾರ್ಥಿಗಳಿಗೆ ಕ್ರೀಡಾ ತರಬೇತಿ ನೀಡಿದರು. 1934ರಲ್ಲಿ ಫ್ಲಾರೆನ್ಸ್ ಮೆಕೆಂಜಿ ಅವರನ್ನು ವಿವಾಹವಾದರು. ಯುದ್ಧಭೀತಿಯಿಂದ 1941ರಲ್ಲಿ ಗರ್ಭಿಣಿ ಪತ್ನಿಯನ್ನೂ ಇಬ್ಬರು ಪುತ್ರಿಯರನ್ನೂ ಕೆನಡಾಕ್ಕೆ ಕಳುಹಿಸಿದರು. ಅಲ್ಲಿ ಜನಿಸಿದ ಮೂರನೆಯ ಮಗಳನ್ನು ಅವರು ನೋಡಲೇ ಇಲ್ಲ.

ಬಂಧನ ಮತ್ತು ನಿಧನ

1943ರಲ್ಲಿ ಜಪಾನೀಯರು ಅವರನ್ನು ವೈಹ್ಸಿಯೆನ್ ಶಿಬಿರದಲ್ಲಿ ಬಂಧನದಲ್ಲಿರಿಸಿದರು. ಅಲ್ಲಿದ್ದ ಮಕ್ಕಳಿಗೆ ಅವರು ವಿಜ್ಞಾನ ಕಲಿಸಿದರು, ಆಟೋಟಗಳನ್ನು ಏರ್ಪಡಿಸಿದರು. ಭಾನುವಾರ ಮೇಲ್ವಿಚಾರಕರಿಲ್ಲದೆ ಹಾಕಿ ಆಡಿದ ಮಕ್ಕಳು ಹೊಡೆದಾಡಿಕೊಂಡಾಗ, ಮುಂದಿನ ಭಾನುವಾರದಿಂದ ಸ್ವತಃ ತೀರ್ಪುಗಾರರಾಗಿ ನಿಂತರು. ಒಲಿಂಪಿಕ್ಸ್‌ಗಾಗಿ ಸಡಿಲಿಸದ ನಿಯಮವನ್ನು ಮಕ್ಕಳಿಗಾಗಿ ಸಡಿಲಿಸಿದರು. ಶಿಬಿರದ ಬಿಡುಗಡೆಗೆ ಆರು ತಿಂಗಳ ಮುನ್ನ, ಮೆದುಳಿನ ಗೆಡ್ಡೆಯಿಂದ ಅಲ್ಲಿಯೇ ನಿಧನರಾದರು.

ಅವರ ಒಲಿಂಪಿಕ್ ಸಾಧನೆಯನ್ನು ಆಧರಿಸಿದ 'ಚಾರಿಯಟ್ಸ್ ಆಫ್ ಫೈರ್' (1981) ಚಲನಚಿತ್ರವು ಅತ್ಯುತ್ತಮ ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆಯಿತು.