ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್

ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್ (ಆಗಸ್ಟ್ ೨೯, ೧೮೭೬ – ನವೆಂಬರ್ ೨೫, ೧೯೫೮) ಅಮೆರಿಕದ ವಿದ್ಯುತ್ ಎಂಜಿನಿಯರ್, ಸಂಶೋಧಕ ಮತ್ತು ಉದ್ಯಮಿ. ಮೋಟಾರು ವಾಹನಗಳ ವಿದ್ಯುತ್ ಸ್ಟಾರ್ಟರನ್ನು ಬಳಕೆಗೆ ತಂದವರೆಂದು ಪ್ರಸಿದ್ಧರಾಗಿದ್ದಾರೆ. ಇವರ ಹೆಸರಿನಲ್ಲಿ ೧೮೬ ಪೇಟೆಂಟುಗಳಿವೆ.

ಜನನ ಮತ್ತು ಶಿಕ್ಷಣ

ಕೆಟರಿಂಗ್ ಅವರು ಓಹಾಯೊ ರಾಜ್ಯದ ಲೌಡನ್‌ವಿಲ್ ಬಳಿಯ ರೈತ ಕುಟುಂಬದಲ್ಲಿ ಜನಿಸಿದರು. ಬಾಲ್ಯದಿಂದಲೂ ದೃಷ್ಟಿದೋಷದಿಂದ ಬಳಲುತ್ತಿದ್ದ ಇವರು ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯವನ್ನು ಸೇರಿದ ಮೇಲೆ ಕಣ್ಣಿನ ತೊಂದರೆ ಉಲ್ಬಣಿಸಿ ಓದನ್ನು ನಿಲ್ಲಿಸಬೇಕಾಯಿತು. ಆ ಅವಧಿಯಲ್ಲಿ ದೂರವಾಣಿ ತಂತಿ ಎಳೆಯುವ ಕೆಲಸಗಾರರ ಮೇಸ್ತ್ರಿಯಾಗಿ ದುಡಿದರು. ಬಳಿಕ ಮರಳಿ ಕಾಲೇಜು ಸೇರಿ ೧೯೦೪ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದರು. ೧೯೦೫ರಲ್ಲಿ ಆಲಿವ್ ವಿಲಿಯಮ್ಸ್ ಅವರನ್ನು ವಿವಾಹವಾದರು. ಮಗ ಯೂಜೀನ್ ಕೂಡ ಮುಂದೆ ಎಂಜಿನಿಯರ್ ಆದರು.

ವೃತ್ತಿಜೀವನ

ಪದವಿಯ ನಂತರ ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪೆನಿಯನ್ನು ಸೇರಿದ ಕೆಟರಿಂಗ್, ಕೈಯಿಂದ ತಿರುಗಿಸುತ್ತಿದ್ದ ಗಲ್ಲಾಯಂತ್ರಕ್ಕೆ ಪುಟ್ಟ ವಿದ್ಯುತ್ ಮೋಟಾರನ್ನು ಅಳವಡಿಸಿದರು. ೧೯೦೯ರಲ್ಲಿ ಆ ಕೆಲಸವನ್ನು ಬಿಟ್ಟು, ಎಡ್ವರ್ಡ್ ಡೀಡ್ಸ್ ಅವರೊಂದಿಗೆ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪೆನಿಯನ್ನು (ಡೆಲ್ಕೊ) ಸ್ಥಾಪಿಸಿದರು. ಇದರ ಆರಂಭದ ಪ್ರಯೋಗಗಳು ನಡೆದದ್ದು ಡೀಡ್ಸ್ ಅವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ.

ವಿದ್ಯುತ್ ಸ್ಟಾರ್ಟರ್

ಅಂದಿನ ಕಾರುಗಳನ್ನು ಮುಂಭಾಗದ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಿತ್ತು. ಕಿಡಿ ಮುಂಚಿತವಾಗಿ ಹೊತ್ತಿದರೆ ಎಂಜಿನ್ ಹಿಮ್ಮುಖವಾಗಿ ಒದ್ದು, ತಿರುಗಿಸುವವರ ಮಣಿಕಟ್ಟು ಅಥವಾ ದವಡೆ ಮುರಿಯುವುದು ಸಾಮಾನ್ಯವಾಗಿತ್ತು. ಕಾರು ತಯಾರಕ ಬೈರನ್ ಕಾರ್ಟರ್ ಇಂತಹ ಅಪಘಾತದ ಪರಿಣಾಮವಾಗಿ ಮೃತಪಟ್ಟರೆಂದೂ, ಇದರಿಂದ ನೊಂದ ಕ್ಯಾಡಿಲಾಕ್ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್ ಪರಿಹಾರ ಕಂಡುಹಿಡಿಯುವಂತೆ ಕೋರಿದರೆಂದೂ ಹೇಳಲಾಗುತ್ತದೆ.

ಎಂಜಿನನ್ನು ತಿರುಗಿಸಬಲ್ಲ ಮೋಟಾರು ಕಾರಿನೊಳಗೆ ಹಿಡಿಸಲಾರದಷ್ಟು ದೊಡ್ಡದಾಗಬೇಕೆಂಬುದು ಆಗಿನ ತಜ್ಞರ ಅಭಿಪ್ರಾಯವಾಗಿತ್ತು. ಗಲ್ಲಾಯಂತ್ರದ ಅನುಭವವಿದ್ದ ಕೆಟರಿಂಗ್ ಬೇರೆ ರೀತಿಯಲ್ಲಿ ಯೋಚಿಸಿದರು. ಸ್ಟಾರ್ಟರ್ ಕೆಲಸ ಮಾಡಬೇಕಾದುದು ಕೆಲವೇ ಕ್ಷಣ. ಅಷ್ಟು ಅಲ್ಪಾವಧಿಗೆ ಸಣ್ಣ ಮೋಟಾರಿನ ಮೇಲೆ ಅದರ ಸಾಮರ್ಥ್ಯಕ್ಕೆ ಮೀರಿದ ಹೊರೆ ಹಾಕಿದರೂ ಅದು ಸುಟ್ಟುಹೋಗುವುದಿಲ್ಲ. ಈ ತತ್ತ್ವದ ಮೇಲೆ ರೂಪಿಸಿದ ವ್ಯವಸ್ಥೆಯು ಎಂಜಿನ್ ಚಾಲೂ ಆದ ಮೇಲೆ ಜನರೇಟರಿನಂತೆ ಬ್ಯಾಟರಿಯನ್ನು ತುಂಬುತ್ತಿತ್ತು. ೧೯೧೨ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಳಕೆಗೆ ಬಂದಿತು. ೧೯೧೫ರಲ್ಲಿ ಪೇಟೆಂಟ್ ದೊರೆಯಿತು. ತೋಳ್ಬಲದ ಅಗತ್ಯ ತಪ್ಪಿದ್ದರಿಂದ ಕಾರು ಚಾಲನೆ ಹೆಚ್ಚು ಜನರಿಗೆ ಎಟುಕಿತು.

ಜನರಲ್ ಮೋಟಾರ್ಸ್ ಮತ್ತು ವಿವಾದ

ಡೆಲ್ಕೊ ೧೯೧೬ರಲ್ಲಿ ಯುನೈಟೆಡ್ ಮೋಟಾರ್ಸಿಗೆ ಮಾರಾಟವಾಗಿ, ೧೯೧೮ರಲ್ಲಿ ಜನರಲ್ ಮೋಟಾರ್ಸಿನ ಭಾಗವಾಯಿತು. ಕೆಟರಿಂಗ್ ೧೯೨೦ರಿಂದ ೧೯೪೭ರವರೆಗೆ ಆ ಕಂಪೆನಿಯ ಸಂಶೋಧನಾ ವಿಭಾಗವನ್ನು ಮುನ್ನಡೆಸಿದರು. ರೈಲು ಎಂಜಿನುಗಳಿಗೆ ಹೊಂದುವ ಹಗುರವಾದ ಡೀಸೆಲ್ ಎಂಜಿನ್ ಈ ಅವಧಿಯ ಮುಖ್ಯ ಸಾಧನೆ. ಗಾಳಿಯಿಂದ ತಣಿಯುವ ತಾಮ್ರದ ರೆಕ್ಕೆಗಳ ಎಂಜಿನ್ ಮಾತ್ರ ವಿಫಲವಾಯಿತು. ೧೯೨೩ರಲ್ಲಿ ಅದನ್ನು ಹೊಂದಿದ್ದ ಕಾರುಗಳನ್ನು ಹಿಂದಕ್ಕೆ ಪಡೆಯಲಾಯಿತು.

ಇವರ ಅಧೀನದಲ್ಲಿದ್ದ ಥಾಮಸ್ ಮಿಡ್ಜ್‌ಲಿ ೧೯೨೧ರಲ್ಲಿ ಟೆಟ್ರಾಈಥೈಲ್ ಸೀಸವು ಎಂಜಿನಿನ ಬಡಿತವನ್ನು ತಡೆಯುತ್ತದೆಂದು ಕಂಡುಕೊಂಡರು. ೧೯೨೪ರಲ್ಲಿ ಅದರ ತಯಾರಿಕೆಯಲ್ಲಿ ತೊಡಗಿದ್ದ ಕಾರ್ಮಿಕರು ವಿಷಬಾಧೆಯಿಂದ ಸತ್ತರು. ಆದರೂ ಸೀಸಯುಕ್ತ ಪೆಟ್ರೋಲ್ ದಶಕಗಳ ಕಾಲ ಜಗತ್ತಿನಾದ್ಯಂತ ಬಳಕೆಯಲ್ಲಿದ್ದು, ವಿಶೇಷವಾಗಿ ಮಕ್ಕಳ ಆರೋಗ್ಯಕ್ಕೆ ಹಾನಿ ಮಾಡಿತು. ಭಾರತದಲ್ಲಿ ಅದು ನಿಂತದ್ದು ೨೦೦೦ದಲ್ಲಿ. ಕೆಟರಿಂಗ್ ಅವರ ಸಾಧನೆಯನ್ನು ಅಳೆಯುವಾಗ ಈ ಅಧ್ಯಾಯವನ್ನು ಬದಿಗಿಡಲಾಗದು.

ಕರಾವಳಿಯಲ್ಲಿ ಬಳಕೆ

ಕನ್ನಡ ನಾಡಿನ ಗ್ಯಾರೇಜುಗಳಲ್ಲಿ ಸ್ಟಾರ್ಟರನ್ನು ‘ಸೆಲ್ಫ್’ ಎನ್ನುತ್ತಾರೆ. ಇದು ‘ಸೆಲ್ಫ್ ಸ್ಟಾರ್ಟರ್’ ಎಂಬ ಹಳೆಯ ಹೆಸರಿನ ಉಳಿಕೆ. ಮಲ್ಪೆ ಬಂದರಿನಿಂದ ಮೀನು ಸಾಗಿಸುವ ಪಿಕಪ್‌ಗಳಿಂದ ಹಿಡಿದು ಉಡುಪಿ, ಕಾಪು, ಕಾರ್ಕಳದ ರಸ್ತೆಗಳಲ್ಲಿ ಓಡುವ ಹಳೆಯ ವಾಹನಗಳವರೆಗೆ ಎಲ್ಲವೂ ಇದೇ ತತ್ತ್ವದಿಂದ ಚಾಲೂ ಆಗುತ್ತವೆ. ಕೀಲಿ ತಿರುಗಿಸಿದಾಗ ಸೊಲೆನಾಯ್ಡ್ ಪಿನಿಯನ್ ಗಾಲಿಯನ್ನು ಮುಂದೆ ತಳ್ಳಿ ಫ್ಲೈವೀಲಿನ ಹಲ್ಲುಗಳಿಗೆ ಸೇರಿಸುತ್ತದೆ. ಮೋಟಾರು ಎಂಜಿನನ್ನು ತಿರುಗಿಸುತ್ತದೆ. ಉಪ್ಪುಗಾಳಿ ಮತ್ತು ಮಳೆಗಾಲದ ತೇವದಿಂದ ಬ್ಯಾಟರಿ ಟರ್ಮಿನಲ್ ಹಾಗೂ ಅರ್ತ್ ತಂತಿಯ ಜೋಡಣೆಗಳು ಕಿಲುಬು ಹಿಡಿಯುತ್ತವೆ. ಆದ್ದರಿಂದ ಸೆಲ್ಫ್ ತೆಗೆದುಕೊಳ್ಳದಿದ್ದಾಗ ಮೊದಲು ಇವುಗಳನ್ನು ಪರೀಕ್ಷಿಸಿ, ನಂತರ ಸೊಲೆನಾಯ್ಡ್, ಕಾರ್ಬನ್ ಬ್ರಷ್, ಬುಷ್ ಮತ್ತು ಆರ್ಮೇಚರುಗಳನ್ನು ನೋಡುವುದು ಸರಿಯಾದ ಕ್ರಮ. ಸವೆದ ಬ್ರಷ್ ಬದಲಿಸಿದರೆ ಹಳೆಯ ಮೋಟಾರು ಎಷ್ಟೋ ಬಾರಿ ಮತ್ತೆ ಕೆಲಸ ಮಾಡುತ್ತದೆ. ಬಿಡದೆ ಕೀಲಿ ಹಿಡಿದರೆ ಮೋಟಾರು ಸುಡುವುದಕ್ಕೂ ಕೆಟರಿಂಗ್ ಅವಲಂಬಿಸಿದ್ದ ಅಲ್ಪಾವಧಿಯ ತತ್ತ್ವವೇ ಕಾರಣ.

ನಿಧನ ಮತ್ತು ಸ್ಮರಣೆ

೧೯೪೫ರಲ್ಲಿ ಆಲ್ಫ್ರೆಡ್ ಸ್ಲೋನ್ ಅವರೊಡನೆ ನ್ಯೂಯಾರ್ಕಿನಲ್ಲಿ ಸ್ಲೋನ್–ಕೆಟರಿಂಗ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಪತ್ನಿ ಆಲಿವ್ ೧೯೪೬ರಲ್ಲಿ ನಿಧನರಾದರು. ಕೆಟರಿಂಗ್ ೧೯೫೮ರಲ್ಲಿ ತಮ್ಮ ೮೨ನೆಯ ವಯಸ್ಸಿನಲ್ಲಿ ತೀರಿಕೊಂಡರು. ಓಹಾಯೊದ ಕೆಟರಿಂಗ್ ನಗರ ಹಾಗೂ ಫ್ಲಿಂಟ್‌ನಲ್ಲಿರುವ ಕೆಟರಿಂಗ್ ವಿಶ್ವವಿದ್ಯಾಲಯ ಇವರ ಹೆಸರನ್ನು ಹೊಂದಿವೆ.